ಪಾರ್ಲರಿನ ಕಾಗದ, ಬೀದಿಯ ಪೋಸ್ಟರ್



ಕೂದಲಿಗೆ ಪರ್ಮ್ ಮಾಡಿಸಿಕೊಂಡವರಿಗೆ, ಮಾಡುವವರಿಗಂತೂ ಇನ್ನೂ ಚೆನ್ನಾಗಿ, ಒಂದು ಬಗೆಯ ತೆಳು ಕಾಗದದ ಪರಿಚಯ ಇರುತ್ತದೆ. ಕೂದಲನ್ನು ಸಣ್ಣ ಸಣ್ಣ ಎಳೆಗಳಾಗಿ ಬಿಡಿಸಿ ಪ್ಲಾಸ್ಟಿಕ್ ಕಡ್ಡಿಗೆ ಸುತ್ತುವ ಮುಂಚೆ ಅದರ ತುದಿಯನ್ನು ಈ ಕಾಗದದೊಳಗೆ ಮಡಚಿ ಹಿಡಿಯುತ್ತಾರೆ. ರಾಸಾಯನಿಕಕ್ಕೆ ಸಿಕ್ಕಿ ತುದಿ ಸೀಳಬಾರದು, ಅಡ್ಡಾದಿಡ್ಡಿ ಮುರಿದುಕೊಳ್ಳಬಾರದು ಅಂತ. ಚಿಕ್ಕ ಆಯತಾಕಾರ, ಬೆಳಕಿಗೆ ಹಿಡಿದರೆ ಆಚೆ ಬದಿ ಮಸುಕಾಗಿ ಕಾಣುವಷ್ಟು ತೆಳು. ಎಂಡ್ ಪೇಪರ್ ಅನ್ನುತ್ತಾರೆ. ಕೆಲಸ ಮುಗಿದ ಮೇಲೆ ಅದು ನೆಲಕ್ಕೆ ಬೀಳುತ್ತದೆ, ಸಂಜೆ ಕತ್ತರಿಸಿದ ಕೂದಲಿನ ಜೊತೆ ಪೊರಕೆಗೆ ಸಿಗುತ್ತದೆ. ಅದಕ್ಕಿಂತ ಅಗ್ಗದ ಸಾಮಾನು ಪಾರ್ಲರಿನಲ್ಲಿ ಇನ್ನೊಂದಿಲ್ಲ.

ಸುಮಾರು 2000ನೇ ಇಸವಿಯ ಹೊತ್ತಿಗೆ ಲಾಸ್ ಏಂಜಲೀಸ್ ನಗರದ ದಕ್ಷಿಣ ಭಾಗದಲ್ಲಿ ಒಬ್ಬ ಕೇಶವಿನ್ಯಾಸಕ ಈ ಕಾಗದಗಳನ್ನು ಒಂದೊಂದಾಗಿ ಅಂಚು ಸುಟ್ಟು ಸಾಲಾಗಿ ಬಟ್ಟೆಯ ಮೇಲೆ ಅಂಟಿಸುತ್ತಿದ್ದರು. ಸುಟ್ಟ ಅಂಚು ಒಂದು ಕಪ್ಪು ಗೆರೆಯಾಗುತ್ತದೆ. ಅಂಥ ನೂರಾರು ಕಾಗದ ಒಂದರ ಮೇಲೊಂದು ಸ್ವಲ್ಪ ಸ್ವಲ್ಪ ಹತ್ತಿ ಕೂತಾಗ ಇಡೀ ಬಟ್ಟೆಯ ಮೇಲೆ ಚೌಕಗಳ ಒಂದು ಬಲೆ ಮೂಡುತ್ತದೆ. ಯಂತ್ರ ಬರೆದ ಹಾಗೆ ನೇರವಾದ ಬಲೆಯಲ್ಲ. ಕೈ ನಡುಗಿದಲ್ಲಿ, ಕಿಡಿ ಹೆಚ್ಚು ತಿಂದಲ್ಲಿ ಗೆರೆ ವಾಲುತ್ತದೆ. ಕೆಲವು ಕಡೆ ಕೂದಲಿಗೆ ಹಚ್ಚುವ ಬಣ್ಣವನ್ನೇ ತೆಳುವಾಗಿ ಬಳಿದಿರುತ್ತದೆ. ದೂರದಿಂದ ನೋಡಿದರೆ ಹೊಗೆ ಹಿಡಿದ ಗಾಜಿನ ಕಿಟಕಿಗಳು, ಹತ್ತಿರ ಹೋದರೆ ಬರೀ ಕಾಗದ.

ಆ ಕೇಶವಿನ್ಯಾಸಕ ಮಾರ್ಕ್ ಬ್ರಾಡ್‌ಫೋರ್ಡ್. ಇವತ್ತು ಅಮೂರ್ತ ಕೊಲಾಜ್ ಕಲೆಯ ಮಾತು ಬಂದರೆ ಮೊದಲಿಗೆ ಬರುವ ಹೆಸರುಗಳಲ್ಲಿ ಇವರದ್ದೂ ಒಂದು. ಕತ್ತರಿ ಹಿಡಿದವನು ಕಲಾವಿದನಾದ ಎಂಬ ಕಥೆಯನ್ನು ಪತ್ರಿಕೆಗಳು ಬಹಳ ಪ್ರೀತಿಯಿಂದ ಹೇಳುತ್ತವೆ. ನನಗೆ ಆ ಕಥೆ ಅಷ್ಟಾಗಿ ಒಪ್ಪಿಗೆಯಾಗಿಲ್ಲ. ಅದರಲ್ಲಿ ಪಾರ್ಲರ್ ಎಂದರೆ ಬಿಟ್ಟು ಬಂದ ಜಾಗ, ಗ್ಯಾಲರಿ ಎಂದರೆ ತಲುಪಿದ ಜಾಗ. ಇವರ ಕೆಲಸ ನೋಡುತ್ತಾ ಹೋದರೆ ಈ ಮನುಷ್ಯ ಪಾರ್ಲರನ್ನು ಬಿಟ್ಟು ಬಂದಿದ್ದೇ ಇಲ್ಲ ಅನ್ನಿಸುತ್ತದೆ. ನೆನೆಸುವುದು, ಬ್ಲೀಚ್ ಹಾಕುವುದು, ಪದರ ಪದರವಾಗಿ ಬಿಡಿಸುವುದು, ಸುಡುವುದು, ತಿಕ್ಕಿ ತೆಗೆಯುವುದು: ಇವರ ಚಿತ್ರಗಳು ಹುಟ್ಟುವುದು ಈ ಕ್ರಿಯೆಗಳಿಂದಲೇ. ಕೈಗೆ ಬಂದ ಕಸುಬನ್ನೇ ದೊಡ್ಡ ಬಟ್ಟೆಯ ಮೇಲೆ ಮುಂದುವರಿಸಿದ್ದಾರೆ.

ಬ್ರಾಡ್‌ಫೋರ್ಡ್ ಹುಟ್ಟಿದ್ದು 1961ರಲ್ಲಿ, ಲಾಸ್ ಏಂಜಲೀಸ್‌ನಲ್ಲೇ. ತಾಯಿ ಕೇಶವಿನ್ಯಾಸಕಿ; ಲೀಮರ್ಟ್ ಪಾರ್ಕ್ ಎಂಬ ಬಡಾವಣೆಯಲ್ಲಿ ಅವರದ್ದೇ ಪಾರ್ಲರ್ ಇತ್ತು. ಆಫ್ರಿಕನ್ ಅಮೆರಿಕನ್ನರು ಹೆಚ್ಚಾಗಿದ್ದ, ಜಾಝ್ ಸಂಗೀತಕ್ಕೆ, ಕಲಾವಿದರ ಕೂಟಗಳಿಗೆ ಹೆಸರಾದ ಜಾಗ ಅದು. ಹುಡುಗ ಸಣ್ಣವನಿದ್ದಾಗಲೇ ಮನೆಯವರು ಕಡಲ ತೀರದ ಸಾಂಟಾ ಮೋನಿಕಾಕ್ಕೆ ಹೋದರು. ಅಲ್ಲಿ ಬಿಳಿಯರೇ ಹೆಚ್ಚು. ಅಂಗಡಿ ಮಾತ್ರ ಲೀಮರ್ಟ್ ಪಾರ್ಕಿನಲ್ಲೇ ಉಳಿಯಿತು. ಹೀಗೆ ಹುಡುಗ ಬೆಳೆದದ್ದು ಎರಡು ಲೋಕಗಳ ನಡುವೆ ಓಡಾಡಿಕೊಂಡು. ಮುಂದೆ ತಾನೂ ಲೈಸೆನ್ಸ್ ಪಡೆದು ತಾಯಿಯ ಅಂಗಡಿಯಲ್ಲಿ ಕುರ್ಚಿಯ ಹಿಂದೆ ನಿಂತರು. ಆರೂವರೆ ಅಡಿಗೂ ಮೀರಿದ ಆಳು. ಹೆಂಗಸರು ಗಂಟೆಗಟ್ಟಲೆ ಕೂತು ಗಂಡ, ಮಕ್ಕಳು, ಬಾಡಿಗೆ, ಪೊಲೀಸು, ಚರ್ಚು ಎಲ್ಲವನ್ನೂ ಮಾತಾಡುವ ಜಾಗದಲ್ಲಿ ಈ ಎತ್ತರದ ಹುಡುಗ ತಲೆ ಬಗ್ಗಿಸಿ ಕೂದಲು ಸುತ್ತುತ್ತಾ ಎಲ್ಲಕ್ಕೂ ಕಿವಿಯಾಗಿದ್ದ.

ಆಗ 1980ರ ದಶಕ. ಬ್ರಾಡ್‌ಫೋರ್ಡ್ ಸಲಿಂಗಿ. ಏಡ್ಸ್ ಎಂಬುದು ಹೆಸರಿಲ್ಲದ ಕಾಯಿಲೆಯಾಗಿ ಬಂದು, ಹೆಸರು ಬಂದ ಮೇಲೂ ಔಷಧಿಯಿಲ್ಲದೆ, ಅವರ ಸುತ್ತಲಿನ ಗೆಳೆಯರನ್ನು ಒಬ್ಬೊಬ್ಬರಾಗಿ ಕರೆದುಕೊಂಡು ಹೋದ ಕಾಲ. ದುಡಿದ ದುಡ್ಡು ಕೂಡಿಟ್ಟುಕೊಂಡು ಯುರೋಪಿಗೆ ಹೋಗುವುದು, ಖರ್ಚಾದ ಮೇಲೆ ಮರಳಿ ಬಂದು ಮತ್ತೆ ಕತ್ತರಿ ಹಿಡಿಯುವುದು, ಹೀಗೆ ಆ ವರ್ಷಗಳು ಕಳೆದವು. ಕಲಾಶಾಲೆಯ ಮೆಟ್ಟಿಲು ಹತ್ತಿದ್ದು 1991ರಲ್ಲಿ, ಮೂವತ್ತರ ಆಸುಪಾಸಿನಲ್ಲಿ. ಕ್ಯಾಲಿಫೋರ್ನಿಯಾ ಇನ್‌ಸ್ಟಿಟ್ಯೂಟ್ ಆಫ್ ದಿ ಆರ್ಟ್ಸ್‌ನಿಂದ 1995ರಲ್ಲಿ ಪದವಿ, 1997ರಲ್ಲಿ ಸ್ನಾತಕೋತ್ತರ ಪದವಿ. ಆ ಶಾಲೆ ಸಿದ್ಧಾಂತದ ಚರ್ಚೆಗೆ ಹೆಸರುವಾಸಿ. ಓದಿದ್ದು ದಂಡವಾಗಲಿಲ್ಲ ನಿಜ. ಆದರೆ ಮುಗಿಸಿ ಬಂದ ಮೇಲೂ ಹೊಟ್ಟೆಪಾಡಿಗೆ ಕೂದಲೇ ಗತಿ. ಬಣ್ಣ, ಕ್ಯಾನ್ವಾಸ್ ದುಬಾರಿ. ಎಂಡ್ ಪೇಪರ್ ಅಂಗಡಿಯ ಕಪಾಟಿನಲ್ಲೇ ಇತ್ತು.

ಆ ಕಾಗದದ ಚಿತ್ರಗಳಲ್ಲಿ 2000ದ ಒಂದು ಕೃತಿಯ ಹೆಸರು ‘ಎಂಟರ್ ಅಂಡ್ ಎಕ್ಸಿಟ್ ದಿ ನ್ಯೂ ನೀಗ್ರೋ’. ‘ದಿ ನ್ಯೂ ನೀಗ್ರೋ’ ಎನ್ನುವುದು 1925ರಲ್ಲಿ ಅಲೈನ್ ಲಾಕ್ ಸಂಪಾದಿಸಿದ ಪ್ರಸಿದ್ಧ ಸಂಕಲನದ ಹೆಸರು. ನ್ಯೂಯಾರ್ಕಿನ ಹಾರ್ಲೆಮ್ ಬಡಾವಣೆಯ ಕಪ್ಪು ಲೇಖಕರ ಆತ್ಮವಿಶ್ವಾಸದ ಘೋಷಣೆ. ಬ್ರಾಡ್‌ಫೋರ್ಡ್ ಆ ಹೆಸರಿಗೆ ಒಂದು ಬಾಗಿಲು ಇಟ್ಟು, ಒಳಗೂ ಬನ್ನಿ, ಹೊರಗೂ ಹೋಗಿ ಎಂದುಬಿಟ್ಟರು. ಮರುವರ್ಷ, 2001ರಲ್ಲಿ, ಹಾರ್ಲೆಮ್‌ನ ಸ್ಟುಡಿಯೋ ಮ್ಯೂಸಿಯಂನಲ್ಲಿ ಥೆಲ್ಮಾ ಗೋಲ್ಡನ್ ಅವರು ‘ಫ್ರೀಸ್ಟೈಲ್’ ಎಂಬ ಪ್ರದರ್ಶನ ಏರ್ಪಡಿಸಿದರು. 28 ಯುವ ಕಪ್ಪು ಕಲಾವಿದರು. ಕಪ್ಪು ಕಲಾವಿದ ಎಂದ ಕೂಡಲೇ ಇಂಥದ್ದನ್ನೇ ಬರೆಯಬೇಕು ಎಂಬ ನಿರೀಕ್ಷೆಯನ್ನು ದಾಟಿದವರು ಇವರು ಎನ್ನುವುದು ಆ ಪ್ರದರ್ಶನದ ವಾದ. ಬ್ರಾಡ್‌ಫೋರ್ಡ್ ಅದರಲ್ಲಿ ಒಬ್ಬರು. ಅಲ್ಲಿಂದ ಗ್ಯಾಲರಿಗಳು, ಸಂಗ್ರಾಹಕರು ಬಾಗಿಲು ತಟ್ಟತೊಡಗಿದರು. 2006ರ ವಿಟ್ನಿ ಬೈನಾಲೆ ಎಂಬ ಕಲಾ ಪ್ರದರ್ಶನದಲ್ಲಿ ಬಕ್ಸ್‌ಬಾಮ್ ಪ್ರಶಸ್ತಿ, 2009ರಲ್ಲಿ ಮ್ಯಾಕ್‌ಆರ್ಥರ್ ಫೆಲೋಶಿಪ್. ಪ್ರಶಸ್ತಿಗಳ ಪಟ್ಟಿ ಇಷ್ಟು ಸಾಕು. ಅಷ್ಟರಲ್ಲಿ ಅವರ ಕಾಗದ ಬದಲಾಗಿತ್ತು, ಅದು ಮುಖ್ಯ.

ಅದನ್ನು ಹೇಳಬೇಕಾದರೆ 1992ಕ್ಕೆ ಹೋಗಬೇಕು. ಆ ವರ್ಷದ ಏಪ್ರಿಲ್ 29ರಂದು, ರಾಡ್ನಿ ಕಿಂಗ್ ಎಂಬ ಕಪ್ಪು ವ್ಯಕ್ತಿಯನ್ನು ಹೊಡೆದು ನೆಲಕ್ಕೆ ಕೆಡವಿದ್ದ ಪೊಲೀಸರನ್ನು ನ್ಯಾಯಾಲಯ ಬಿಟ್ಟು ಕಳಿಸಿತು. ಹೊಡೆತದ ವಿಡಿಯೋವನ್ನು ಇಡೀ ದೇಶ ನೋಡಿತ್ತು. ದಕ್ಷಿಣ ಲಾಸ್ ಏಂಜಲೀಸ್ ಹೊತ್ತಿಕೊಂಡಿತು. ದಿನಗಟ್ಟಲೆ ನಡೆದ ದಂಗೆಯಲ್ಲಿ 60ಕ್ಕೂ ಹೆಚ್ಚು ಜನ ಸತ್ತರು. ಅಂಗಡಿ ಸಾಲುಗಳು ಸುಟ್ಟು ಖಾಲಿ ನಿವೇಶನಗಳಾದವು. ಆ ನಿವೇಶನಗಳಿಗೆ ಬೇಲಿ ಬಂತು, ಬೇಲಿಗೆ ಪ್ಲೈವುಡ್ ಹಲಗೆ ಬಂತು, ಹಲಗೆಯ ಮೇಲೆ ಪೋಸ್ಟರುಗಳು ಬಂದವು. ಎಂಥವು? ಮನೆ ಮಾರುತ್ತೀರಾ, ಕೂಡಲೇ ನಗದು ಕೊಡುತ್ತೇವೆ. ಕಡಿಮೆ ಖರ್ಚಿನಲ್ಲಿ ವಿಚ್ಛೇದನ. ಮಗು ನಿಮ್ಮದೇನಾ, ಡಿಎನ್‌ಎ ಪರೀಕ್ಷೆ. ಜೈಲಿನಲ್ಲಿರುವವರಿಗೆ ಅಗ್ಗದ ಫೋನ್ ಕರೆ. ಕೃತಕ ಕೂದಲು. ದೊಡ್ಡ ಅಕ್ಷರದಲ್ಲಿ ಒಂದು ಮಾತು, ಅದಕ್ಕಿಂತ ದೊಡ್ಡದಾಗಿ ಒಂದು ಫೋನ್ ನಂಬರು.

ಕೇಳುಗರೇ, ಒಂದು ಬಡಾವಣೆಯ ಜನರಿಗೆ ಏನು ಕಷ್ಟ ಎಂದು ತಿಳಿಯಲು ಸಮೀಕ್ಷೆ ಮಾಡಬೇಕಿಲ್ಲ, ಅಲ್ಲಿನ ಬೇಲಿಯನ್ನು ಓದಿದರೆ ಆಯಿತು. ಯಾರ ಮನೆ ಕೈಬಿಟ್ಟು ಹೋಗುತ್ತಿದೆ, ಯಾರ ಮಗ ಒಳಗಿದ್ದಾನೆ, ಯಾರ ಸಂಸಾರ ಮುರಿದಿದೆ ಎಂಬುದನ್ನು ವ್ಯಾಪಾರಿಗಳು ಸರಕಾರಕ್ಕಿಂತ ಮೊದಲು ತಿಳಿದುಕೊಂಡಿರುತ್ತಾರೆ. ಬ್ರಾಡ್‌ಫೋರ್ಡ್ ಈ ಪೋಸ್ಟರುಗಳನ್ನೂ ದೊಡ್ಡ ಜಾಹೀರಾತು ಫಲಕಗಳ ಕಾಗದವನ್ನೂ ಕಿತ್ತು ಸ್ಟುಡಿಯೋಕ್ಕೆ ತರತೊಡಗಿದರು.

ಮುಂದಿನದ್ದು ಶುದ್ಧ ದೈಹಿಕ ದುಡಿಮೆ. ಕಾಗದವನ್ನು ನೀರಿನಲ್ಲಿ ನೆನೆಸಿ ಪದರ ಬಿಡಿಸುತ್ತಾರೆ. ಬಟ್ಟೆಯ ಮೇಲೆ ಅಂಟು ಹಚ್ಚಿ ಒಂದು ಪದರ, ಅದರ ಮೇಲೆ ಇನ್ನೊಂದು, ಮತ್ತೊಂದು. ಪದರಗಳ ನಡುವೆ ದಾರ, ಹುರಿ ಹಗ್ಗ, ಕಿಟಕಿ ಸಂದಿಗೆ ತುಂಬುವ ಕಾಕ್‌ನ ಗೆರೆಗಳನ್ನು ಹುದುಗಿಸುತ್ತಾರೆ. ಬೇಕಾದ ಕಡೆ ಬ್ಲೀಚ್ ಸುರಿಯುತ್ತಾರೆ. ಎಲ್ಲ ಒಣಗಿ ಗಟ್ಟಿಯಾದ ಮೇಲೆ ಕೆಡವುವ ಕೆಲಸ ಶುರು. ಬಡಗಿಗಳು ಮರ ನಯ ಮಾಡುವ ವಿದ್ಯುತ್ ಸ್ಯಾಂಡರ್ ಹಿಡಿದು ಮೇಲ್ಮೈಯನ್ನು ಉಜ್ಜುತ್ತಾರೆ. ದಾರದ ತುದಿ ಹಿಡಿದು ಎಳೆದರೆ ಮೇಲಿನ ಹತ್ತಾರು ಪದರ ಸೀಳಿಕೊಂಡು ಬರುತ್ತದೆ, ಅದರ ಜಾಡು ಗೆರೆಯಾಗಿ ಉಳಿಯುತ್ತದೆ. ಎಲ್ಲಿ ದಾರ ಇತ್ತೋ ಅಲ್ಲಿ ಕಾಗದ ಉಬ್ಬಿರುವುದರಿಂದ ಸ್ಯಾಂಡರ್ ಅಲ್ಲಿ ಹೆಚ್ಚು ತಿನ್ನುತ್ತದೆ, ಕೆಳಗಿನ ಕೆಂಪೋ ಹಳದಿಯೋ ಇಣುಕುತ್ತದೆ. ಕುಂಚ ಇಲ್ಲವೆನ್ನುವಷ್ಟು ಕಡಿಮೆ. ಕಾಣುವ ಬಣ್ಣದಲ್ಲಿ ಬಹುಪಾಲು ಯಾವುದೋ ಮುದ್ರಣಾಲಯದಲ್ಲಿ, ಯಾವುದೋ ಅಂಗಡಿಯವನ ದುಡ್ಡಿಗೆ, ಬೇರೆ ಕಾರಣಕ್ಕೆ ಅಚ್ಚಾದ ಬಣ್ಣ. ಆದರೂ ಅವರು ಇದನ್ನು ಪೇಂಟಿಂಗ್ ಎಂದೇ ಕರೆಯುತ್ತಾರೆ.

ನಮ್ಮ ಪೇಟೆಗಳಲ್ಲಿ ಸಿನಿಮಾ ಟಾಕೀಸಿನ ಪಕ್ಕದ ಗೋಡೆ ಹೇಗಿರುತ್ತಿತ್ತು ನೆನಪು ಮಾಡಿಕೊಳ್ಳಿ. ಶುಕ್ರವಾರಕ್ಕೊಂದು ಪೋಸ್ಟರ್, ಹಳೆಯದರ ಮೇಲೆಯೇ ಮೈದಾ ಅಂಟು ಬಳಿದು. ಮಳೆ ಬಂದು ಒಂದು ಮೂಲೆ ಕಿತ್ತು ಬಂದರೆ ರಾಜ್‌ಕುಮಾರ್ ಅವರ ಮೀಸೆಯ ಕೆಳಗೆ ಯಾರದೋ ಸೀರೆಯ ಸೆರಗು, ಅದರ ಕೆಳಗೆ ಚುನಾವಣೆಯ ಕೈಯೋ ನೇಗಿಲೋ. ಬ್ರಾಡ್‌ಫೋರ್ಡ್ ಚಿತ್ರದ ಮೇಲ್ಮೈ ಅಂಥದ್ದು. ಮಳೆಯ ಜಾಗದಲ್ಲಿ ಒಬ್ಬ ಮನುಷ್ಯನ ತೋಳಿದೆ.

ಬೀದಿ ಕಾಗದವನ್ನು ಕಲೆಗೆ ತಂದವರಲ್ಲಿ ಇವರೇ ಮೊದಲಿಗರಲ್ಲ. 1912ರಲ್ಲೇ ಪಿಕಾಸೊ, ಬ್ರಾಕ್ ಇಬ್ಬರೂ ಪತ್ರಿಕೆಯ ಚೂರು, ಗೋಡೆ ಕಾಗದ ಅಂಟಿಸಿ ಕೊಲಾಜಿಗೆ ದಾರಿ ಮಾಡಿದ್ದರು. ಕರ್ಟ್ ಶ್ವಿಟರ್ಸ್ ಬಸ್ ಟಿಕೆಟ್ಟುಗಳನ್ನೂ ಬಿಡಲಿಲ್ಲ. ಪ್ಯಾರಿಸ್‌ನಲ್ಲಿ 1949ರಿಂದ ಜಾಕ್ ವಿಲ್‌ಗ್ಲೆ ಮತ್ತು ರೇಮಂ ಹ್ಯಾನ್ಸ್ ಹರಿದ ಪೋಸ್ಟರುಗಳನ್ನು ಗೋಡೆಯಿಂದ ಹಾಗೆ ಹಾಗೆಯೇ ಕಿತ್ತು ತಂದು ಚೌಕಟ್ಟು ಹಾಕಿದರು. ದಾರಿಹೋಕರು ಹರಿದದ್ದೇ ಚಿತ್ರ ಎನ್ನುವುದು ಅವರ ನಿಲುವು. ಅಮೆರಿಕದಲ್ಲಿ ರೊಮೇರ್ ಬೇರ್ಡನ್ ಪತ್ರಿಕೆಗಳ ಮುಖ, ಕೈ, ಕಣ್ಣುಗಳನ್ನು ಕತ್ತರಿಸಿ ಹಾರ್ಲೆಮ್‌ನ ಬದುಕನ್ನೇ ಕಟ್ಟಿದರು. ಬ್ರಾಡ್‌ಫೋರ್ಡ್ ಈ ಯಾರ ದಾರಿಯನ್ನೂ ಪೂರ್ತಿ ಹಿಡಿಯಲಿಲ್ಲ. ಬೇರ್ಡನ್ನರ ಹಾಗೆ ಮುಖ ತೋರಿಸಲಿಲ್ಲ. ಫ್ರೆಂಚರ ಹಾಗೆ ಸಿಕ್ಕಿದ್ದನ್ನು ಸಿಕ್ಕ ಹಾಗೆ ಬಿಡಲಿಲ್ಲ.

ಮುಖ ತೋರಿಸಲಿಲ್ಲ ಎಂಬುದರ ಹತ್ತಿರ ಸ್ವಲ್ಪ ನಿಲ್ಲುತ್ತೇನೆ. ಅಮೂರ್ತ ಕಲೆ ಎಂದರೆ ಬದುಕಿಗೆ ಬೆನ್ನು ಹಾಕಿದ ಕಲೆ ಎಂಬ ದೂರು ನಮ್ಮಲ್ಲೂ ಹಳೆಯದು. ದೂರಿಗೆ ಆಧಾರ ಇಲ್ಲದಿಲ್ಲ. 1950ರ ದಶಕದ ನ್ಯೂಯಾರ್ಕ್‌ನಲ್ಲಿ ಅಮೂರ್ತ ಅಭಿವ್ಯಕ್ತಿವಾದ ಮೆರೆಯುತ್ತಿದ್ದಾಗ, ಚಿತ್ರ ತನ್ನ ಬಗ್ಗೆ ಮಾತ್ರ ಮಾತಾಡಬೇಕು, ಬಣ್ಣ ಮತ್ತು ಸಮತಲವೇ ಅದರ ವಿಷಯ ಎಂದು ಕ್ಲೆಮೆಂಟ್ ಗ್ರೀನ್‌ಬರ್ಗ್‌ರಂಥ ದೊಡ್ಡ ವಿಮರ್ಶಕರೇ ವಾದಿಸುತ್ತಿದ್ದರು. ಅದೇ ದಶಕದಲ್ಲಿ, 1955ರಲ್ಲಿ, ಮಿಸಿಸಿಪಿಯಲ್ಲಿ ಎಮೆಟ್ ಟಿಲ್ ಎಂಬ 14 ವರ್ಷದ ಹುಡುಗನನ್ನು ಬಿಳಿಯರು ಹೊಡೆದು ಕೊಂದರು. ಆ ಸುದ್ದಿಗೆ ಆ ಕ್ಯಾನ್ವಾಸುಗಳಲ್ಲಿ ಜಾಗ ಇರಲಿಲ್ಲ. ಹಾಗಾದರೆ ಕಪ್ಪು ಕಲಾವಿದನೊಬ್ಬ ಅಮೂರ್ತಕ್ಕೆ ಯಾಕೆ ಹೋಗಬೇಕು? ಅವನಿಂದ ಜನ ಕೇಳುವುದು ಕಪ್ಪು ದೇಹದ ಚಿತ್ರ, ನೋವಿನ ಚಿತ್ರ. ಆ ಬೇಡಿಕೆಯೂ ಒಂದು ಬಗೆಯ ಬಂಧನವೇ. ಬ್ರಾಡ್‌ಫೋರ್ಡ್ ಕಂಡುಕೊಂಡ ಉಪಾಯ ಸರಳ: ಆಕೃತಿ ಬೇಡ, ಆದರೆ ಕಾಗದ ಮಾತ್ರ ಆ ಬೀದಿಯದ್ದೇ ಇರಲಿ. ಅವರು ಇದಕ್ಕೆ ಸೋಷಿಯಲ್ ಅಬ್‌ಸ್ಟ್ರಾಕ್ಷನ್ ಎಂದು ಹೆಸರಿಟ್ಟಿದ್ದಾರೆ. ಸಾಮಾಜಿಕ ಅಮೂರ್ತತೆ ಅನ್ನಬಹುದು. ಹೆಸರು ಸ್ವಲ್ಪ ಭಾರವಾಯಿತು, ಕೆಲಸ ಅಷ್ಟು ಭಾರವಾಗಿಲ್ಲ.

ಒಂದು ಕೃತಿಯನ್ನು ಹತ್ತಿರದಿಂದ ನೋಡೋಣ. 2004ರ ‘ಲಾಸ್ ಮಾಸ್ಕೋಸ್’, ಈಗ ಲಂಡನ್ನಿನ ಟೇಟ್ ಸಂಗ್ರಹದಲ್ಲಿದೆ. ಮೂರು ಮೀಟರಿಗೂ ಹೆಚ್ಚು ಎತ್ತರ, ಐದು ಮೀಟರಿಗೆ ಹತ್ತಿರದ ಅಗಲ. ಕಪ್ಪು ನೆಲದ ಮೇಲೆ ಸಾವಿರಾರು ಬಣ್ಣದ ಚೂರುಗಳು ಗುಂಪುಗುಂಪಾಗಿ ಹರಡಿ ಹೊಳೆಯುತ್ತವೆ. ಮೊದಲ ನೋಟಕ್ಕೆ ರಾತ್ರಿ ವಿಮಾನದಿಂದ ಕಂಡ ನಗರ. ಬೀದಿಗಳಿರಬಹುದು ಎನ್ನಿಸುವ ಗೆರೆಗಳಿವೆ. ಜನ ಹೆಚ್ಚಿರುವ ಕಡೆ ಬೆಳಕು ಹೆಚ್ಚು ಎನ್ನುವ ಹಾಗೆ ಚೂರುಗಳು ಒತ್ತಾಗಿವೆ. ಹೆಸರು ಸ್ಪ್ಯಾನಿಷಿನದು, ‘ನೊಣಗಳು’ ಎಂದರ್ಥ. ಕೂಲಿಗಾಗಿ ಬೀದಿ ಮೂಲೆಯಲ್ಲಿ ಕಾದು ನಿಲ್ಲುವ ವಲಸೆ ಕಾರ್ಮಿಕರನ್ನು ಹೀಯಾಳಿಸುವ ಮಾತು. ಅದು ಗೊತ್ತಾದ ಮೇಲೆ ಚಿತ್ರದ ಸೊಗಸಿಗೆ ಒಂದು ಮುಳ್ಳು ಸಿಕ್ಕಿಕೊಳ್ಳುತ್ತದೆ. ಚಿತ್ರದೊಳಗೆ ಒಬ್ಬ ಕೂಲಿಯೂ ಇಲ್ಲ. ಆದರೆ ಆ ಚೂರುಗಳು ಅವರು ನಿಂತ ಬೀದಿಗಳಂಥ ಬೀದಿಗಳಿಂದಲೇ ಬಂದವು.

ಇದೇ ರೀತಿ 2006ರ ‘ಸ್ಕಾರ್ಚ್ಡ್ ಅರ್ಥ್’. ಓಕ್ಲಹೋಮಾದ ಟಲ್ಸಾ ನಗರದಲ್ಲಿ ಗ್ರೀನ್‌ವುಡ್ ಎಂಬ ಕಪ್ಪು ಜನರ ಸಿರಿವಂತ ಬಡಾವಣೆ ಇತ್ತು. 1921ರ ಮೇ 31 ಮತ್ತು ಜೂನ್ 1ರಂದು ಬಿಳಿಯರ ಗುಂಪು ಅದನ್ನು ಸುಟ್ಟುಹಾಕಿತು. ಸುಮಾರು 35 ಬೀದಿ ಚೌಕಗಳು ಬೂದಿಯಾದವು. ಮುಂದೆ ದಶಕಗಳ ಕಾಲ ಅಮೆರಿಕದ ಶಾಲಾ ಪುಸ್ತಕಗಳು ಇದರ ಬಗ್ಗೆ ಹೆಚ್ಚುಕಡಿಮೆ ಬಾಯಿ ಬಿಡಲಿಲ್ಲ. ಬ್ರಾಡ್‌ಫೋರ್ಡ್ ಚಿತ್ರದಲ್ಲಿ ಮೇಲಿನಿಂದ ಕಂಡ ನಗರದ ನಕ್ಷೆ, ನಡುವೆ ದೊಡ್ಡ ಕರಿ ಹರವು. ಉಜ್ಜಿ ಮರೆಸಿದ್ದನ್ನು ಉಜ್ಜಿಯೇ ತೋರಿಸಿದ್ದಾರೆ.

ನಡುವೆ ಒಂದು ವಿಡಿಯೋ ಕೃತಿಯನ್ನು ಹೇಳದೆ ಮುಂದೆ ಹೋಗಲಾರೆ. ಕೊಲಾಜ್ ಅಲ್ಲ, ಆದರೆ ಈ ಮನುಷ್ಯನ ಹಾಸ್ಯ ಗೊತ್ತಾಗುವುದು ಅಲ್ಲಿ. 2003ರ ‘ಪ್ರಾಕ್ಟೀಸ್’. ಅಷ್ಟು ಎತ್ತರದ ಕಪ್ಪು ಗಂಡಸನ್ನು ಕಂಡವರೆಲ್ಲ ಕೇಳುವುದು ಒಂದೇ: ಬ್ಯಾಸ್ಕೆಟ್‌ಬಾಲ್ ಆಡುತ್ತೀರಾ? ಬ್ರಾಡ್‌ಫೋರ್ಡ್ ಕ್ಯಾಮರಾದ ಮುಂದೆ ಬ್ಯಾಸ್ಕೆಟ್‌ಬಾಲ್ ಆಡಿಯೇ ತೋರಿಸಿದರು. ತೊಟ್ಟಿದ್ದು ಲೇಕರ್ಸ್ ತಂಡದ ನೇರಳೆ ಮತ್ತು ಹಳದಿ ಬಣ್ಣದ ಉಡುಪು. ಆದರೆ ಸೊಂಟದ ಕೆಳಗೆ ಚಡ್ಡಿಯ ಬದಲು, ಅಂತರ್ಯುದ್ಧಕ್ಕೆ ಮುಂಚಿನ ದಕ್ಷಿಣದ ಸಿರಿವಂತ ಹೆಂಗಸರು ಉಡುತ್ತಿದ್ದ, ಒಳಗೆ ಬಳೆಗಳಿರುವ ಅಗಲ ಲಂಗ. ಗಾಳಿ ಹೊಕ್ಕು ಲಂಗ ಉಬ್ಬುತ್ತದೆ, ಕಾಲಿಗೆ ತೊಡರುತ್ತದೆ. ಬೀಳುತ್ತಾರೆ, ಏಳುತ್ತಾರೆ, ಚೆಂಡು ಪುಟಿಸುತ್ತಾರೆ, ಮತ್ತೆ ಬೀಳುತ್ತಾರೆ. ಚೆಂಡು ಬುಟ್ಟಿಗೆ ಬೀಳುವ ಹೊತ್ತಿಗೆ ನೋಡುವವರಿಗೆ ನಗುವೂ ಸುಸ್ತೂ ಒಟ್ಟಿಗೆ ಬಂದಿರುತ್ತದೆ.

ಕತ್ರಿನಾ ಚಂಡಮಾರುತ 2005ರಲ್ಲಿ ನ್ಯೂ ಆರ್ಲಿಯನ್ಸನ್ನು ಮುಳುಗಿಸಿತು. ಮೂರು ವರ್ಷಗಳ ನಂತರ ಅಲ್ಲಿನ ಲೋವರ್ ನೈನ್ತ್ ವಾರ್ಡ್‌ನಲ್ಲಿ, ಎಲ್ಲ ಕೊಚ್ಚಿಹೋದ ಜಾಗದಲ್ಲಿ, ಬ್ರಾಡ್‌ಫೋರ್ಡ್ ‘ಮಿತ್ರಾ’ ಎಂಬ ನಾವೆ ಕಟ್ಟಿದರು. ಅರವತ್ತು ಅಡಿಗೂ ಮೀರಿದ ಉದ್ದ. ಮಾಡಿದ್ದು ಪೋಸ್ಟರ್ ಹಚ್ಚಿದ ಪ್ಲೈವುಡ್ ಹಲಗೆಗಳಿಂದ. ಬೇಲಿಯ ಹಲಗೆಯೇ ನೋಹನ ನಾವೆಯಾಯಿತು. ಅದು ತೇಲುವುದಿಲ್ಲ, ಯಾರನ್ನೂ ಕಾಪಾಡುವುದಿಲ್ಲ. ಬಂದು ಮುಟ್ಟುವ ಹೊತ್ತಿಗೆ ನೀರೂ ಇಳಿದಿತ್ತು.

ಇನ್ನು ದುಡ್ಡಿನ ವಿಷಯ. 2007ರಲ್ಲಿ ಮಾಡಿದ ‘ಹೆಲ್ಟರ್ ಸ್ಕೆಲ್ಟರ್ 1’ ಸುಮಾರು ಹತ್ತು ಮೀಟರ್ ಅಗಲದ ಕೊಲಾಜ್. ಟೆನಿಸ್ ಆಟಗಾರ ಜಾನ್ ಮೆಕೆನ್ರೋ ಅವರ ಬಳಿ ಇತ್ತು. 2018ರ ಮಾರ್ಚಿನಲ್ಲಿ ಲಂಡನ್ನಿನ ಫಿಲಿಪ್ಸ್ ಹರಾಜಿನಲ್ಲಿ ಸುಮಾರು 87 ಲಕ್ಷ ಪೌಂಡಿಗೆ, ಎಂದರೆ 1.2 ಕೋಟಿ ಡಾಲರಿನಷ್ಟಕ್ಕೆ ಹೋಯಿತು. ಜೀವಂತವಿರುವ ಆಫ್ರಿಕನ್ ಅಮೆರಿಕನ್ ಕಲಾವಿದರ ಕೃತಿಗೆ ಅಲ್ಲಿಯವರೆಗೆ ಹರಾಜಿನಲ್ಲಿ ಅಷ್ಟು ಬೆಲೆ ಬಂದಿರಲಿಲ್ಲ. ಎರಡೇ ತಿಂಗಳಲ್ಲಿ ಕೆರಿ ಜೇಮ್ಸ್ ಮಾರ್ಷಲ್ ಅವರ ಚಿತ್ರ ಆ ದಾಖಲೆ ಮುರಿಯಿತು. ಬಡವರ ಕೈಯಿಂದ ಮನೆ ಕೊಳ್ಳಲು ಅಂಟಿಸಿದ ಪೋಸ್ಟರು ಸಿರಿವಂತರ ಮನೆಯ ಗೋಡೆ ಏರಿತಲ್ಲ ಎಂದು ಯಾರಾದರೂ ಕುಟುಕಿದರೆ ಉತ್ತರ ಕೊಡುವುದು ಕಷ್ಟ. ಬ್ರಾಡ್‌ಫೋರ್ಡ್ ಉತ್ತರ ಮಾತಿನಲ್ಲಿಲ್ಲ. ಅವರೂ, ಸಂಗಾತಿ ಅಲನ್ ಡಿಕಾಸ್ಟ್ರೋ ಅವರೂ, ಕಲಾಪೋಷಕಿ ಐಲೀನ್ ಹ್ಯಾರಿಸ್ ನಾರ್ಟನ್ ಅವರೂ ಸೇರಿ ‘ಆರ್ಟ್ ಪ್ಲಸ್ ಪ್ರಾಕ್ಟೀಸ್’ ಎಂಬ ಸಂಸ್ಥೆ ತೆರೆದರು. ಎಲ್ಲಿ? ತಾಯಿಯ ಪಾರ್ಲರ್ ಇದ್ದ ಅದೇ ಲೀಮರ್ಟ್ ಪಾರ್ಕಿನಲ್ಲಿ. ಒಂದು ಕಡೆ ಉಚಿತ ಕಲಾ ಪ್ರದರ್ಶನ. ಇನ್ನೊಂದು ಕಡೆ ಸರಕಾರದ ಆಸರೆಯಲ್ಲಿ ಬೆಳೆದು ವಯಸ್ಸಿಗೆ ಬಂದ ಕೂಡಲೇ ಬೀದಿಗೆ ಬೀಳುವ ಯುವಕ ಯುವತಿಯರಿಗೆ ವಸತಿ, ಕೆಲಸದ ನೆರವು ಸಿಗುತ್ತಿತ್ತು. ಈ ಎರಡಕ್ಕೂ ಏನು ಸಂಬಂಧ ಎಂದು ಕೇಳಬಹುದು. ಸಂಬಂಧ ಇರಲೇಬೇಕೆಂದು ಅವರೂ ಹಟ ಹಿಡಿದಂತಿಲ್ಲ. ಅಕ್ಕಪಕ್ಕದಲ್ಲಿ ಇರಲಿ, ಅಷ್ಟೇ.

2015ರಲ್ಲಿ ಲಾಸ್ ಏಂಜಲೀಸ್‌ನ ಹ್ಯಾಮರ್ ಮ್ಯೂಸಿಯಂನಲ್ಲಿ ಅವರ ದೊಡ್ಡ ಪ್ರದರ್ಶನವಾಯಿತು. ಪ್ರವೇಶ ಮಂಟಪದ ಗೋಡೆಯ ಮೇಲೆ ಅವರು ಏನನ್ನೂ ಅಂಟಿಸಲಿಲ್ಲ, ಕೆತ್ತಿದರು. ಆ ಗೋಡೆಯ ಮೇಲೆ ವರ್ಷ ವರ್ಷವೂ ಬೇರೆ ಬೇರೆ ಕಲಾವಿದರು ಚಿತ್ರ ಬರೆದು, ಪ್ರದರ್ಶನ ಮುಗಿದ ಮೇಲೆ ಸುಣ್ಣ ಹೊಡೆದಂತೆ ಮುಚ್ಚಿಬಿಡುತ್ತಿದ್ದರು. ಬ್ರಾಡ್‌ಫೋರ್ಡ್ ಆ ಬಣ್ಣದ ಪದರಗಳನ್ನು ಅಗೆಯುತ್ತಾ ಅಮೆರಿಕದ ನಕ್ಷೆಯನ್ನು ಬಿಡಿಸಿದರು. ಪ್ರತಿ ರಾಜ್ಯದೊಳಗೆ ಒಂದು ಸಂಖ್ಯೆ: ಲಕ್ಷ ಜನರಲ್ಲಿ ಎಷ್ಟು ಮಂದಿಗೆ ಏಡ್ಸ್ ಎಂಬ ಲೆಕ್ಕ. ಕೃತಿಯ ಹೆಸರು ‘ಫೈಂಡಿಂಗ್ ಬ್ಯಾರಿ’. ಹಿಂದೆ ಅದೇ ಗೋಡೆಗೆ ಬರೆದಿದ್ದ ಬ್ಯಾರಿ ಮೆಗೀ ಅವರ ಬಣ್ಣ ಅಗೆಯುವಾಗ ಸಿಗುತ್ತದೆ ಅಂತ. ಅದೇ ಪ್ರದರ್ಶನದಲ್ಲಿ ‘ಸ್ಪೈಡರ್‌ಮ್ಯಾನ್’ ಎಂಬ ಧ್ವನಿ ಕೃತಿ ಇತ್ತು. ರೇಡಿಯೋ ಕೇಳುವ ನಿಮಗೆ ಇದು ರುಚಿಸಬಹುದು. ಕೆಂಪು ಬೆಳಕಿನ ಕೋಣೆ, ವೇದಿಕೆಯ ಮೇಲೆ ಯಾರೂ ಇಲ್ಲ. ಒಬ್ಬ ಹಾಸ್ಯಗಾರನ ಧ್ವನಿ, ಕಾಣದ ಸಭೆಯ ನಗು. 1983ರಲ್ಲಿ ಎಡ್ಡಿ ಮರ್ಫಿ ಸಲಿಂಗಿಗಳನ್ನೂ ಏಡ್ಸನ್ನೂ ಗೇಲಿ ಮಾಡಿ ಸಾವಿರಾರು ಜನರನ್ನು ನಗಿಸಿದ ಕಾರ್ಯಕ್ರಮವೊಂದಿತ್ತು. ಅದಕ್ಕೆ ಮೂವತ್ತು ವರ್ಷ ಕಳೆದು ಬಂದ ಮಾರುತ್ತರ ಇದು. ಇಲ್ಲಿ ಗೇಲಿಯ ಮುಖ ತಿರುಗಿದೆ.

2017ರಲ್ಲಿ ವೆನಿಸ್ ಬೈನಾಲೆಯಲ್ಲಿ ಅಮೆರಿಕವನ್ನು ಪ್ರತಿನಿಧಿಸಿದರು. ಅಲ್ಲಿನ ಅಮೆರಿಕದ ಮಂಟಪ, ಅಧ್ಯಕ್ಷರಾಗಿದ್ದ ಜೆಫರ್ಸನ್ ಅವರ ಮೊಂಟಿಚೆಲ್ಲೋ ಮನೆಯನ್ನು ನೆನಪಿಸುವ, ಗುಮ್ಮಟ ಕಂಬಗಳ ಕಟ್ಟಡ. ಮೊದಲ ಕೋಣೆಯಲ್ಲೇ ‘ಸ್ಪಾಯಿಲ್ಡ್ ಫುಟ್’ ಎಂಬ ಕೃತಿ ಚಾವಣಿಯಿಂದ ಹೊಟ್ಟೆಯಂತೆ ಜೋತು ಬಿದ್ದಿತ್ತು. ಕಾಗದ, ಕ್ಯಾನ್ವಾಸಿನ ದೊಡ್ಡ ಗಂಟು. ಒಳಗೆ ಬಂದವರು ಗೋಡೆಗೆ ಒತ್ತಿಕೊಂಡು, ಅಂಚಿನಲ್ಲಿ ನಡೆಯಬೇಕು. ಅಂಚಿನಲ್ಲಿ ನಡೆದು ಅಭ್ಯಾಸವಿಲ್ಲದ ಜನರೇ ಹೆಚ್ಚಾಗಿ ಬರುವ ಜಾಗ ಅದು ಎಂಬುದನ್ನು ಮರೆಯಬೇಡಿ. ಮುಂದಿನ ಕೋಣೆಯಲ್ಲಿ ಕರಿ ಕಾಗದದ ಸುರುಳಿಗಳ ‘ಮೆಡೂಸಾ’ ಎಂಬ ಶಿಲ್ಪ, ಸುತ್ತ ಎಂಡ್ ಪೇಪರಿನ ಕಡು ಬಣ್ಣದ ಚಿತ್ರಗಳು. ಬೈನಾಲೆಯ ಜೊತೆಗೇ ಅವರು ವೆನಿಸಿನ ‘ರಿಯೋ ತೆರಾ ದೇಯಿ ಪೆನ್ಸಿಯೆರಿ’ ಎಂಬ ಸಹಕಾರ ಸಂಘದ ಜೊತೆ ಆರು ವರ್ಷದ ಒಡಂಬಡಿಕೆ ಮಾಡಿಕೊಂಡರು. ಜೈಲಿನಲ್ಲಿರುವ ಗಂಡಸರು ಹೆಂಗಸರು ಚೀಲ, ಸೌಂದರ್ಯವರ್ಧಕ ತಯಾರಿಸುವ ಸಂಘ ಅದು. ಚೀಲಕ್ಕೆ ಅವರು ಬಳಸುವುದು ಏನು ಗೊತ್ತೇ? ಹಳೆಯ ಜಾಹೀರಾತು ಬ್ಯಾನರುಗಳು.

ಅದೇ ವರ್ಷದ ಕೊನೆಗೆ ವಾಷಿಂಗ್ಟನ್ನಿನ ಹಿರ್ಶ್‌ಹಾರ್ನ್ ಮ್ಯೂಸಿಯಂನಲ್ಲಿ ‘ಪಿಕೆಟ್ಸ್ ಚಾರ್ಜ್’. ವೃತ್ತಾಕಾರದ ಕಟ್ಟಡದ ಒಳಗೋಡೆಯನ್ನು ಬಳಸಿ ಎಂಟು ಚಿತ್ರಗಳು, ಒಟ್ಟು ಉದ್ದ ಸುಮಾರು 400 ಅಡಿ. ಅಮೆರಿಕದ ಅಂತರ್ಯುದ್ಧದಲ್ಲಿ ನಡೆದ 1863ರ ಗೆಟಿಸ್‌ಬರ್ಗ್ ಕದನವನ್ನು ಫ್ರೆಂಚ್ ಚಿತ್ರಕಾರ ಪಾಲ್ ಫಿಲಿಪ್ಪೋಟೋ 1880ರ ದಶಕದಲ್ಲಿ ದೊಡ್ಡ ವೃತ್ತಚಿತ್ರವಾಗಿ ಬರೆದಿದ್ದ. ಬ್ರಾಡ್‌ಫೋರ್ಡ್ ಅದರ ಪಡಿಯಚ್ಚನ್ನು ಫಲಕದ ಗಾತ್ರಕ್ಕೆ ಮುದ್ರಿಸಿ, ಪದರಗಳ ನಡುವೆ ಹಗ್ಗ ಹೂತು, ಎಳೆದು, ಸೀಳಿದರು. ಒಂದು ಕಡೆ ಕುದುರೆಯ ಕಾಲು, ಇನ್ನೊಂದು ಕಡೆ ಒಂದಿಷ್ಟು ಆಕಾಶ, ಉಳಿದದ್ದು ಅಡ್ಡ ಗೀರುಗಳ ಸಾಲು. ಬಹಳ ಹೊಗಳಿಕೆ ಪಡೆದ ಕೃತಿ. ನನ್ನ ಅಭಿಪ್ರಾಯ ಬೇರೆ. ಇಲ್ಲಿ ಕಾಗದ ಬೀದಿಯಿಂದ ಬಂದದ್ದಲ್ಲ, ಹೇಳಿ ಮಾಡಿಸಿದ್ದು. ಸೀಳುವ ಕೈಚಳಕ ಅದೇ ಇದೆ, ಸೀಳಿಸಿಕೊಳ್ಳುವ ಕಾಗದಕ್ಕೆ ಮೊದಲೊಂದು ಬದುಕಿಲ್ಲ. ಗಾತ್ರ ಬೆರಗು ಹುಟ್ಟಿಸುತ್ತದೆ, ಸರಿ. ಆದರೆ ಬೆರಳುದ್ದದ ಎಂಡ್ ಪೇಪರ್ ಸುಟ್ಟು ಮಾಡಿದ ಆ ಹಳೆಯ ಚಿತ್ರಗಳ ಮುಂದೆ ಇದು ಸ್ವಲ್ಪ ಭಾಷಣದ ಹಾಗೆ ಕೇಳುತ್ತದೆ. 2020ರಲ್ಲಿ ಟೆಕ್ಸಾಸ್‌ನ ಫೋರ್ಟ್ ವರ್ತ್‌ನ ಆಧುನಿಕ ಕಲಾ ಮ್ಯೂಸಿಯಂ ಎಂಡ್ ಪೇಪರ್ ಕೃತಿಗಳನ್ನಷ್ಟೇ ಕೂಡಿಸಿ ಒಂದು ಪ್ರದರ್ಶನ ಮಾಡಿತು. ಅದು ಸರಿಯಾದ ತೀರ್ಮಾನ ಎಂದುಕೊಳ್ಳುತ್ತೇನೆ.

ಇವರ ಚಿತ್ರಗಳನ್ನು ಪುಸ್ತಕದಲ್ಲೋ ಫೋನಿನಲ್ಲೋ ನೋಡಿದರೆ ಅರ್ಧ ಕೂಡ ಸಿಗುವುದಿಲ್ಲ. ಕೆರೆದ ಹಳ್ಳ, ಉಬ್ಬಿದ ದಾರ, ಹರಿದು ಎದ್ದು ನಿಂತ ಕಾಗದದ ಅಂಚು, ಇವೆಲ್ಲ ಅಚ್ಚಿನಲ್ಲಿ ಚಪ್ಪಟೆಯಾಗಿ ಬಿಡುತ್ತವೆ. ನಮ್ಮವರು ಈಗ ಎಲ್ಲ ಕಡೆ ಇದ್ದಾರೆ. ಲಂಡನ್ನಿನ ನೈನ್ ಎಲ್ಮ್ಸ್‌ನಲ್ಲಿರುವ ಅಮೆರಿಕದ ರಾಯಭಾರ ಕಚೇರಿಗೆ ಹೋದವರಿಗೆ, ಅಮೆರಿಕದ ಸಂವಿಧಾನದ ಸಾಲುಗಳನ್ನು ಹೂತು ಕೆರೆದ ಇವರ 32 ಫಲಕಗಳ ‘ವಿ ದ ಪೀಪಲ್’ ಅಲ್ಲಿರುವುದು ತಿಳಿದಿರಬಹುದು. ಲಾಸ್ ಏಂಜಲೀಸ್‌ನ ಬ್ರಾಡ್ ಮ್ಯೂಸಿಯಂನ ಸಂಗ್ರಹದಲ್ಲಿ ‘ಸ್ಕಾರ್ಚ್ಡ್ ಅರ್ಥ್’ ಇದೆ, ‘ಹೆಲ್ಟರ್ ಸ್ಕೆಲ್ಟರ್ 1’ ಕೂಡ ಅಲ್ಲಿಗೇ ಸೇರಿತು. ಅಷ್ಟು ದೂರ ಹೋಗಿಯೂ ಮ್ಯೂಸಿಯಂಗೆ ಪುರುಸೊತ್ತಾಗದವರು ಇರುತ್ತಾರೆ, ಮಗಳ ಬಾಣಂತನಕ್ಕೆಂದು ಹೋಗಿ ಆರು ತಿಂಗಳು ಅಡುಗೆಮನೆ ಬಿಟ್ಟು ಕದಲದ ತಾಯಂದಿರಂತೂ ಇದ್ದೇ ಇರುತ್ತಾರೆ. ಅವರಿಗೊಂದು ಮಾತು. ಲಾಸ್ ಏಂಜಲೀಸ್ ವಿಮಾನ ನಿಲ್ದಾಣದ ಟಾಮ್ ಬ್ರಾಡ್ಲಿ ಅಂತರರಾಷ್ಟ್ರೀಯ ಟರ್ಮಿನಲ್ಲಿನಲ್ಲಿ, ಭದ್ರತಾ ತಪಾಸಣೆಯ ಸಾಲಿನ ಮೇಲ್ಗಡೆ, 2014ರಲ್ಲಿ ‘ಬೆಲ್ ಟವರ್’ ಎಂಬ ಇವರ ಕೃತಿಯನ್ನು ತೂಗುಹಾಕಿದರು. ಆಟದ ಮೈದಾನದಲ್ಲಿ ಸ್ಕೋರು ತೋರಿಸುವ ನಾಲ್ಕು ಮುಖದ ಪರದೆಯಂಥ ಆಕಾರ, ಆದರೆ ಹಲಗೆ ಮತ್ತು ಮಾಸಿದ ಬಣ್ಣದ ಕಾಗದದ್ದು. ಅದೇ ದಕ್ಷಿಣ ಲಾಸ್ ಏಂಜಲೀಸ್‌ನ ಬೇಲಿ. ಬೆಲ್ಟು ಬಿಚ್ಚಿ, ಉಪ್ಪಿನಕಾಯಿ ಬಾಟಲಿ ಹಿಡಿಯುತ್ತಾರೋ ಎಂಬ ಆತಂಕದಲ್ಲಿ ನಿಂತಾಗ ಒಮ್ಮೆ ತಲೆಯೆತ್ತಿ ನೋಡಿ. ಟಿಕೆಟ್ ಬೇಕಿಲ್ಲ, ವಿಮಾನದ್ದು ಇದ್ದರೆ ಸಾಕು.